‘ಯೂ’ ಒಬ್ಬನೇ ಆದರೂ ‘ಆರ್’ ಯಾಕೆ?

ನಮ್ಮ ತಾಳಮಲೆಯ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಸಂತೆಯಲ್ಲೂ ಬಸ್ಸಿನಲ್ಲೂ ತಮಿಳು, ಶಾಲೆಯಲ್ಲಿ ಇವೆರಡರ ಮೇಲೆ ಇಂಗ್ಲಿಷ್. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ತಾಳವಾಡಿ ಮದ್ರಾಸ್ ರಾಜ್ಯದಲ್ಲೇ ಉಳಿದದ್ದರಿಂದ ನಮಗೆ ಬಂದ ಪಾಲು ಇದು. ಇಂಗ್ಲಿಷ್ ಪರೀಕ್ಷೆಯಲ್ಲಿ ‘ಈಸ್’ ಬರೆಯುವ ಕಡೆ ‘ಆರ್’ ಬರೆದು ಅಂಕ ಹೋದರೆ, “ಕನ್ನಡ ಮೀಡಿಯಂ ಅಲ್ವಾ, ಅದಕ್ಕೇ” ಎನ್ನುವವರಿದ್ದಾರೆ. ಅದನ್ನು ನಂಬಿ ಮಕ್ಕಳನ್ನು ಶಾಲೆ ಬಿಡಿಸುವ ಹೆತ್ತವರೂ ಇದ್ದಾರೆ. ಈ ಮಾತು ಎಷ್ಟು ನಿಜ? ಎರಡೂ ಭಾಷೆಗಳ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಕರ್ತೃವಿಗೆ ತಕ್ಕ ಕ್ರಿಯಾಪದ ಎಂಬುದು ನಮಗೆ ಹೊಸದಲ್ಲ. ಸುಮಾರು 1260ರಲ್ಲಿ ಕೇಶಿರಾಜ ಬರೆದ ‘ಶಬ್ದಮಣಿದರ್ಪಣ’ದಲ್ಲಿ ಆಖ್ಯಾತ ಪ್ರಕರಣ ಎಂದೇ ಒಂದು ಭಾಗವಿದೆ. ಬಂದಂ, ಬಂದರ್, ಬಂದಯ್, ಬಂದಿರ್, ಬಂದೆಂ, ಬಂದೆವು – ಒಂದೊಂದಕ್ಕೂ ಒಂದೊಂದು ಬಾಲ. ಇಂಗ್ಲಿಷಿಗೂ ಹಿಂದೆ ಇಂಥ ಬಾಲಗಳಿದ್ದವು. 1611ರ ಬೈಬಲ್ ಅನುವಾದದಲ್ಲಿ ‘ದೌ ಕಮೆಸ್ಟ್’, ‘ಹಿ ಕಮೆತ್’ ಎಂಬ ರೂಪಗಳಿವೆ. ಸವೆದು ಸವೆದು ಈಗ ‘ಕಮ್ಸ್’ನಲ್ಲಿ ಒಂದು ‘ಸ್’ ಮಾತ್ರ ಉಳಿದಿದೆ. ಆ ಒಂದು ‘ಸ್’ಗೆ ನಮ್ಮ ಮಕ್ಕಳು ಎಷ್ಟು ಅಂಕ ಕಳೆದುಕೊಳ್ಳುತ್ತಾರೋ!

‘ದೌ’ ಎಂದರೆ ನೀನು, ‘ಯೂ’ ಎಂದರೆ ನೀವು. ಮರ್ಯಾದೆಗೆಂದು ಒಬ್ಬರಿಗೂ ‘ಯೂ’ ಎನ್ನುತ್ತಾ ಹೋಗಿ, ಕೊನೆಗೆ ‘ದೌ’ ದಿನಬಳಕೆಯಿಂದಲೇ ಬಿದ್ದುಹೋಯಿತು. ಆಗ ತಕರಾರು ಬಂತು. ಒಬ್ಬನೇ ಇರುವಾಗ ‘ಯೂ ವಾಸ್’ ಎಂದು 18ನೇ ಶತಮಾನದಲ್ಲಿ ಓದುಬರಹ ಬಲ್ಲ ಇಂಗ್ಲಿಷರೇ ಬರೆಯುತ್ತಿದ್ದರು. 1762ರಲ್ಲಿ ರಾಬರ್ಟ್ ಲೌತ್ ತನ್ನ ವ್ಯಾಕರಣದಲ್ಲಿ ಅದನ್ನು ದೊಡ್ಡ ತಪ್ಪೆಂದು ಬರೆದ. ಶಿಷ್ಟ ಬರಹದಲ್ಲಿ ‘ಯೂ ವರ್’ ನಿಂತಿತು.

ಇದನ್ನು ನಮ್ಮ ಮಕ್ಕಳಿಗೆ ಹೇಳಿಕೊಡುವುದು ಸುಲಭ. “ಮೇಷ್ಟ್ರು ಬಂದರು” ಎನ್ನುತ್ತಾರಲ್ಲ, ಬಂದದ್ದು ಒಬ್ಬರೇ! ತಮಿಳು ಬರಹದಲ್ಲಿ ಮರ್ಯಾದೆಗೆ ‘ವಂದಾರ್’, ಹಲವರಿಗೆ ‘ವಂದಾರ್ಗಳ್’ ಎಂದು ಬೇರೆ ಮಾಡಿಕೊಂಡಿದ್ದಾರೆ. ಕಾಸರಗೋಡಿನ ಮಕ್ಕಳು ಕೇಳುವ ಮಲಯಾಳದಲ್ಲಿ ನಾನು, ಅವನು, ಅವರು ಎಲ್ಲರಿಗೂ ‘ವನ್ನು’ ಒಂದೇ.

ನಿಜವಾದ ತೊಡಕು ಬೇರೆ ಕಡೆ ಇದೆ. “ಹುಡುಗರಲ್ಲಿ ಒಬ್ಬ ಬಂದಿದ್ದಾನೆ” ಎನ್ನುವಾಗ ‘ಒಬ್ಬ’ ಕ್ರಿಯಾಪದದ ಪಕ್ಕದಲ್ಲೇ ಇರುತ್ತಾನೆ. ‘ವನ್ ಆಫ್ ದ ಬಾಯ್ಸ್ ಈಸ್’ನಲ್ಲಿ ‘ವನ್’ ದೂರ ಉಳಿದು ‘ಬಾಯ್ಸ್’ ಪಕ್ಕಕ್ಕೆ ಬರುತ್ತದೆ. ಕಿವಿ ‘ಆರ್’ ಕೇಳುತ್ತದೆ. ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳವರೂ ಇಲ್ಲಿ ಎಡವುತ್ತಾರೆ. ಹಾಗಿರುವಾಗ ಕನ್ನಡ ಮೀಡಿಯಮ್ಮಿನ ಮೇಲೆ ಗೂಬೆ ಕೂರಿಸುವುದು ಯಾವ ನ್ಯಾಯ?

‘ನೀದರ್ ಹಿ ನಾರ್ ಐ’ ಎಂಬಲ್ಲಿ ಮಾತ್ರ ಕನ್ನಡ ನೆರವಿಗೆ ಬಾರದು. “ಅವನೂ ಬರಲಿಲ್ಲ, ನಾನೂ ಬರಲಿಲ್ಲ” – ಇಲ್ಲಿ ನಮ್ಮ ಕ್ರಿಯಾಪದಕ್ಕೇ ಬಾಲವಿಲ್ಲ. ಹಿಂದೆ ‘ಅವನು ಬಾರನು, ನಾನು ಬಾರೆನು’ ಎಂಬ ರೂಪಗಳಿದ್ದವು, ನಮ್ಮಲ್ಲೂ ಸವೆದಿವೆ. ಆದ್ದರಿಂದ ಇಲ್ಲಿ ಪಕ್ಕದ ‘ಐ’ಯನ್ನು ನೋಡಿ ‘ಆಮ್’ ಬರೆಯಿರಿ ಎನ್ನುತ್ತೇವೆ. ‘ವನ್ ಆಫ್’ ಬಂದರೆ ಮೊದಲು ವಾಕ್ಯವನ್ನು ಕನ್ನಡದಲ್ಲಿ ಹೇಳಿಸುತ್ತೇವೆ, ಆಮೇಲೆ ಪೆನ್ನು ಹಿಡಿಸುತ್ತೇವೆ.