ತತ್ವಪದದ ಸ್ಟುಡಿಯೋ ಪಾಠ: ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಂ ಮತ್ತು ಅದರ ಸ್ವೀಕಾರ

ಗಾಯಕ ರಘು ದೀಕ್ಷಿತರ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಬ್ಯಾಂಡಿನ ಮೊದಲ ಆಲ್ಬಂ ಹೊರಬಂದದ್ದು 2008ರಲ್ಲಿ, ಸಂಗೀತ ನಿರ್ದೇಶಕ ಜೋಡಿ ವಿಶಾಲ್–ಶೇಖರ್ ಅವರ ಕೌಂಟರ್ ಕಲ್ಚರ್ ರೆಕಾರ್ಡ್ಸ್ ಮೂಲಕ. ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆಗೆ ಅದರಲ್ಲಿ ಸಂತಕವಿ ಶಿಶುನಾಳ ಶರೀಫರ ಎರಡು ತತ್ವಪದಗಳಿವೆ: ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’. ಇವನ್ನು ಮೂಲದ ಕಲಬೆರಕೆ ಎಂದು ತಳ್ಳಿಹಾಕುವಂತಿಲ್ಲ. ಶರೀಫ್ ಪರಂಪರೆಯ ಮತ್ತೊಂದು ಪಾಠವೆಂದೇ ಅಧ್ಯಯನ ಮಾಡಬೇಕು ಎಂಬುದು ಈ ಲೇಖನದ ವಾದ.

ಶರೀಫರ (1819–1889) ಪದಗಳು ಉಳಿದು ಬಂದದ್ದು ಭಜನಾ ಮೇಳಗಳ ಬಾಯಲ್ಲಿ, ಏಕತಾರಿ, ದಮ್ಮಡಿ, ತಾಳಗಳ ಜೊತೆ. ಗಾಯಕ, ಸಂಯೋಜಕ ಸಿ. ಅಶ್ವತ್ಥ್ ಅವನ್ನು ಸುಗಮ ಸಂಗೀತದ ವೇದಿಕೆಗೂ ಕ್ಯಾಸೆಟ್ಟಿಗೂ ತಂದರು. ಅವರದೇ ಸಂಗೀತವಿದ್ದ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990) ಚಿತ್ರ ಅವನ್ನು ಮನೆಮನೆಗೂ ಮುಟ್ಟಿಸಿತು. ಹೀಗಾಗಿ ರಘು ದೀಕ್ಷಿತರ ಕೈಗೆ ಬರುವ ಹೊತ್ತಿಗೆ ಈ ಪದಗಳ ನಡೆ ಆಗಲೇ ಬದಲಾಗಿತ್ತು.

ಸೋರುವ ಮಾಳಿಗೆಯ ಪದವನ್ನೇ ನೋಡಿ. ಮೇಲ್ನೋಟಕ್ಕೆ ಅದು ಮನೆಯ ದುರಸ್ತಿಯ ಚಿಂತೆ. ಒಳಗೆ ಅಜ್ಞಾನದಿಂದ ಶಿಥಿಲವಾದ ಬದುಕಿನ ಸಂಕಟ. ಭಜನೆಯಲ್ಲಿ ಒಬ್ಬರು ಹೇಳಿದ ಸಾಲನ್ನು ಮೇಳ ಮತ್ತೆ ಹೇಳುತ್ತದೆ. ಆ ಬಿಡುವಿನಲ್ಲಿ ಕೇಳುಗರು ಒಳಾರ್ಥವನ್ನು ಮೆಲುಕು ಹಾಕುತ್ತಾರೆ. ಬ್ಯಾಂಡಿನಲ್ಲಿ ಆ ಬಿಡುವನ್ನು ವಾದ್ಯಗಳು ತುಂಬುತ್ತವೆ, ದನಿಗೂಡಿಸುವ ಮೇಳದ ಕೆಲಸ ಸಭಿಕರಿಗೆ ಬರುತ್ತದೆ.

ಸ್ವೀಕಾರದಲ್ಲೂ ಎರಡು ಬಗೆ. ತಂಡ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿತು. 2011ರಲ್ಲಿ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿ ಪಡೆಯಿತು, ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಹಾಡಿತು. ಕನ್ನಡ ಬಾರದ ಕೇಳುಗರಿಗೆ ಅಲ್ಲಿ ಮೊದಲು ದಕ್ಕುವುದು ಕಂಠ ಮತ್ತು ಲಯ. ಅಶ್ವತ್ಥರ ದನಿ ಕಿವಿಯಲ್ಲಿರುವ ಕನ್ನಡಿಗರಿಗೆ ಮೊದಲು ಬರುವುದು ಹೋಲಿಕೆ. ಈ ಎರಡರಲ್ಲಿ ಯಾವೊಂದೂ ಪದದ ಪಯಣವನ್ನು ಪೂರ್ತಿಯಾಗಿ ಅಳೆಯಲಾರದು.

ಆ ಪಯಣಕ್ಕೆ ತಕ್ಕ ಅಳತೆಗೋಲು ಕರಾವಳಿಯ ತುಳು ಮೌಖಿಕ ಕಾವ್ಯದಲ್ಲಿದೆ. ಹಿರಿಯಡ್ಕದ ಸಿರಿ ಜಾತ್ರೆಯಲ್ಲಿ ಆ ಕಾವ್ಯದ ನಾಯಕಿ ಸಿರಿಯ ಕಥೆ ಆವೇಶದ ನಡುವೆ ತುಣುಕು ತುಣುಕಾಗಿ ಹೊಮ್ಮುತ್ತದೆ. ಅದೇ ಕಥೆಯನ್ನು ಮಾಚಾರಿನ ಗಾಯಕ ಗೋಪಾಲ ನಾಯ್ಕರು 1990ರಲ್ಲಿ ಫಿನ್‌ಲೆಂಡಿನ ವಿದ್ವಾಂಸ ಲೌರಿ ಹೊಂಕೊ, ವಿವೇಕ ರೈ, ಚಿನ್ನಪ್ಪ ಗೌಡರ ತಂಡಕ್ಕಾಗಿ ದಿನಗಟ್ಟಲೆ ಹಾಡಿದರು. 15,683 ಸಾಲುಗಳ ಆ ಪಾಠ 1998ರಲ್ಲಿ ಪ್ರಕಟವಾಯಿತು. ಅದೂ ಧ್ವನಿಮುದ್ರಣಕ್ಕೆಂದೇ ಮೈತಳೆದ ಪಾಠ. ಆದರೂ ಅದನ್ನು ಕೃತಕವೆಂದು ತಳ್ಳಿಹಾಕುವಂತಿಲ್ಲ; ಹಾಡಿದವರು ಯಾರು, ಯಾರೆದುರು, ಯಾವ ಸಂದರ್ಭದಲ್ಲಿ ಎಂಬುದು ದಾಖಲಾದ್ದರಿಂದ ಅದರ ಬೆಲೆ ಹೆಚ್ಚಿತು.

ಆಲ್ಬಂಗೂ ಇದೇ ನ್ಯಾಯ ಸಲ್ಲಬೇಕು. ಯಾವ ನುಡಿ ಉಳಿಯಿತು, ಯಾವುದು ಬಿಟ್ಟುಹೋಯಿತು, ಯಾವ ವಾದ್ಯ ಎಲ್ಲಿ ಸೇರಿತು ಎಂದು ಗುರುತಿಸಿ, ಉಡುಪಿಯ ಎಂ.ಜಿ.ಎಂ. ಕಾಲೇಜಿನಂಥ ಕಡೆ ಬೆಳೆದ ಜಾನಪದ ಸಂಗ್ರಹಗಳು ಸ್ಟುಡಿಯೋ ಪಾಠಗಳನ್ನೂ ಕ್ಷೇತ್ರಕಾರ್ಯದ ಧ್ವನಿಮುದ್ರಣಗಳ ಪಕ್ಕದಲ್ಲೇ ಕಾಪಿಡಬೇಕು. ಹಾಗಾದಾಗ ಮಾತ್ರ ವಿಮರ್ಶೆ ಹೊಗಳಿಕೆ, ಆಕ್ಷೇಪಗಳನ್ನು ದಾಟಿ ಪದದ ಚರಿತ್ರೆಯಾಗುತ್ತದೆ.