ನೀರನ್ನು ಕಾಯುವವರು

ವಿಜ್ಞಾನದ ಇತಿಹಾಸ ಓದುವ ನಮ್ಮಂಥವರಿಗೆ ಒಂದು ದುರಭ್ಯಾಸವಿದೆ. ಕಡತಗಳಲ್ಲಿ ನಾವು ಮೊದಲು ಹುಡುಕುವುದು ಉದ್ಘಾಟನೆಗಳನ್ನು, ಆಮೇಲೆ ಅವಘಡಗಳನ್ನು. ಇವೆರಡರ ನಡುವಿನ ವರ್ಷಗಳಲ್ಲಿ ಯಾರು ಏನು ಮಾಡಿದರು, ಏನನ್ನು ಮಾಡದೆ ಬಿಟ್ಟರು ಎಂಬುದು ಅಡಿಟಿಪ್ಪಣಿಗೆ ಸರಿಯುತ್ತದೆ. ವಿಂಚಾ ಎಂಬ ಹೆಸರನ್ನು ನಾನು ಮೊದಲು ಓದಿದ್ದೂ ಒಂದು ಅವಘಡದ ಕಾರಣಕ್ಕೇ.

ವಿಂಚಾದ ಪರಮಾಣು ಸಂಶೋಧನಾ ಸಂಸ್ಥೆ ಇರುವುದು ಬೆಲ್‌ಗ್ರೇಡ್ ನಗರದ ಅಂಚಿನಲ್ಲಿ. ಇಂದಿನ ಸರ್ಬಿಯಾ ಆಗ ಯುಗೊಸ್ಲಾವಿಯಾದ ಭಾಗವಾಗಿತ್ತು. 1958ರ ಅಕ್ಟೋಬರ್ 15ರಂದು ಅಲ್ಲಿನ ಪುಟ್ಟ ರಿಯಾಕ್ಟರೊಂದು ಹತೋಟಿ ತಪ್ಪಿ ಆರು ಮಂದಿ ವಿಕಿರಣಕ್ಕೆ ಸಿಕ್ಕಿದರು. ಅವರನ್ನು ಪ್ಯಾರಿಸ್ಸಿಗೆ ಒಯ್ದು, ಐವರಿಗೆ ಅಸ್ಥಿಮಜ್ಜೆ ಕಸಿ ಮಾಡಲಾಯಿತು. ಒಬ್ಬರು ತೀರಿಕೊಂಡರು. ಈ ಕಥೆ ವೈದ್ಯಕೀಯ ಇತಿಹಾಸದಲ್ಲಿ ಪ್ರಸಿದ್ಧ. ಅದೇ ಆವರಣದಲ್ಲಿ ಸದ್ದಿಲ್ಲದೆ ನಡೆದ ಇನ್ನೊಂದು ಕಥೆ ಅಷ್ಟು ಪ್ರಸಿದ್ಧವಲ್ಲ. ಅದು ಒಂದು ಕೊಳದ ಕಥೆ.

ಅಲ್ಲಿನ ದೊಡ್ಡ ಸಂಶೋಧನಾ ರಿಯಾಕ್ಟರಿನ ಹೆಸರು ಆರ್‌ಎ. ಸೋವಿಯತ್ ವಿನ್ಯಾಸದ್ದು, 6.5 ಮೆಗಾವ್ಯಾಟ್ ಸಾಮರ್ಥ್ಯದ್ದು. 1959ರಲ್ಲಿ ಶುರುವಾಗಿ 1984ರಲ್ಲಿ ನಿಂತಿತು. ಉರಿದು ಮುಗಿದ ಕಟ್ಟಿಗೆ ಬೂದಿಯಾಗುತ್ತದೆ, ಬೂದಿ ಆರುತ್ತದೆ. ಬಳಸಿ ತೆಗೆದ ಪರಮಾಣು ಇಂಧನ ಹಾಗಲ್ಲ. ಅದು ವರ್ಷಗಟ್ಟಲೆ ಶಾಖವನ್ನೂ ವಿಕಿರಣವನ್ನೂ ಹೊರಸೂಸುತ್ತಲೇ ಇರುತ್ತದೆ. ಅದನ್ನು ನೀರಿನಲ್ಲಿ ಮುಳುಗಿಸಿಡುವ ಉಪಾಯ ಸರಳ, ಜಾಣತನದ್ದು. ನೀರು ಶಾಖವನ್ನು ಹೀರುತ್ತದೆ. ಕೆಲವು ಮೀಟರ್ ಆಳದ ನೀರು ವಿಕಿರಣಕ್ಕೆ ಗೋಡೆಯಾಗುತ್ತದೆ. ಗೋಡೆಯಾದರೂ ಪಾರದರ್ಶಕ. ಮೇಲೆ ನಿಂತವರು ಕೆಳಗಿನದನ್ನು ಕಣ್ಣಾರೆ ನೋಡುತ್ತ, ಉದ್ದನೆಯ ಸಲಕರಣೆಗಳಿಂದ ಎತ್ತಿ ಇಳಿಸಬಹುದು.

ಆದರೆ ಇಂಧನದ ಮೈಮೇಲಿನ ಹೊದಿಕೆ ಅಲ್ಯೂಮಿನಿಯಂ. ಹುಣಸೆಹುಳಿ ಹಾಕಿದ ಸಾರನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ರಾತ್ರಿಯಿಡೀ ಬಿಡಬಾರದೆಂದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಕೊಳದಲ್ಲಿ ಹುಳಿಯ ಕೆಲಸವನ್ನು ನೀರಿನಲ್ಲಿ ಕರಗಿದ ಕ್ಲೋರೈಡಿನಂಥ ಲವಣಗಳು ಮಾಡುತ್ತವೆ. ತಳಕ್ಕೆ ಕೂತ ದೂಳಿನ ಕಣವೂ ಸಾಕು, ಅದರಡಿ ಸೂಜಿಮೊನೆಯಷ್ಟು ಕುಳಿ ಬೀಳುತ್ತದೆ. ಪಕ್ಕದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ತಾಗಿಕೊಂಡಿದ್ದರೆ ಸವೆತ ಇನ್ನೂ ಚುರುಕು. ಹೊದಿಕೆ ತೂತಾದರೆ ಒಳಗಿನ ಸೀಸಿಯಂ ನೀರಿಗೆ ಬರುತ್ತದೆ. ಆದ್ದರಿಂದಲೇ ಇಂಥ ಕೊಳದ ನೀರನ್ನು ಬಿಡದೆ ಸೋಸಬೇಕು, ಲವಣ ತೆಗೆಯಬೇಕು, ಅಳೆಯಬೇಕು.

ವಿಂಚಾದಲ್ಲಿ ಅದು ನಡೆಯಲಿಲ್ಲ. ಸುಮಾರು 200 ಘನಮೀಟರ್ ಸಾಮಾನ್ಯ ನೀರು ದಶಕಗಳ ಕಾಲ ನಿಂತಲ್ಲೇ ನಿಂತಿತ್ತು. ಜಾಗ ಸಾಲದಾದಾಗ ಹಳೆಯ ಇಂಧನವನ್ನು ಅಲ್ಯೂಮಿನಿಯಂ ಪೀಪಾಯಿಗಳಿಗೆ ತುಂಬಿ ಅದೇ ನೀರಿಗೆ ಇಳಿಸಿದರು. ರಿಯಾಕ್ಟರ್ ನಿಂತ ಮೇಲೆ ದೇಶವೇ ಒಡೆಯಿತು. ಯುದ್ಧ, ನಿರ್ಬಂಧಗಳು, ಹಣದ ಬರ. 1990ರ ದಶಕದಲ್ಲಿ ನೀರನ್ನು ಪರೀಕ್ಷಿಸಿದಾಗ ಸೀಸಿಯಂ-137 ಸಿಕ್ಕಿತು, ತಳದಲ್ಲಿ ಕೆಸರು ಕೂತಿತ್ತು. ಒಟ್ಟು 8030 ಇಂಧನ ತುಂಡುಗಳಿದ್ದವು.

ಮುಂದಿನದು ನನ್ನನ್ನು ಹೆಚ್ಚು ಕಾಡಿದ ಭಾಗ. 2002ರ ಆಗಸ್ಟ್‌ನಲ್ಲಿ ಅಲ್ಲಿಂದ ಸುಮಾರು 48 ಕಿಲೋ ಸಂವರ್ಧಿತ ಯುರೇನಿಯಂ ಬಿಗಿ ಕಾವಲಿನಲ್ಲಿ ರಷ್ಯಾಕ್ಕೆ ಹೋಯಿತು. ಅದು ಬಳಸದೆ ಉಳಿದಿದ್ದ ಹೊಸ ಇಂಧನ, ಬಾಂಬ್ ಮಾಡುವವರ ಕೈಗೆ ಸಿಕ್ಕೀತೆಂಬ ಭಯ ಜಗತ್ತಿಗಿತ್ತು. ಸೋರುತ್ತಿದ್ದ ಕೊಳ ಇನ್ನೂ ಎಂಟು ವರ್ಷ ಕಾಯಬೇಕಾಯಿತು. ಪೀಪಾಯಿಗಳಲ್ಲಿದ್ದ ಇಂಧನವನ್ನು ನೀರಿನೊಳಗೇ ಹೊರತೆಗೆದು ಹೊಸ ಡಬ್ಬಿಗಳಿಗೆ ತುಂಬಿದರು. 2010ರ ಕೊನೆಗೆ ಅವು ಹಂಗೆರಿಯ ಮೂಲಕ ಸ್ಲೊವೇನಿಯಾದ ಕೋಪರ್ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಮುರ್ಮಾನ್ಸ್ಕ್‌ಗೆ, ಕೊನೆಗೆ ರಷ್ಯಾದ ಮಾಯಕ್ ಸ್ಥಾವರಕ್ಕೆ ತಲುಪಿದವು. ಭಯಕ್ಕೆ ಹಣ ಬೇಗ ಹುಟ್ಟುತ್ತದೆ. ನಿತ್ಯದ ನಿಗಾವಣೆಗೆ ಹುಟ್ಟುವುದಿಲ್ಲ.

ಇದಕ್ಕೆ ಎದುರಾಗಿ ನಾನು ಇಟ್ಟುಕೊಂಡಿರುವುದು ಒಂದು ಸಣ್ಣ ಬಿಲ್ಲೆ. 1996ರಿಂದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ, ಭಾರತವೂ ಸೇರಿದಂತೆ ಹಲವು ದೇಶಗಳ ಇಂಥ ಕೊಳಗಳಲ್ಲಿ ಅಲ್ಯೂಮಿನಿಯಂ ಬಿಲ್ಲೆಗಳನ್ನು ಪೋಣಿಸಿ ಇಳಿಬಿಡಿಸಿತು. ತಿಂಗಳುಗಳ ನಂತರ ಮೇಲೆತ್ತಿ ಕುಳಿ ಬಿದ್ದಿದೆಯೇ, ಎಷ್ಟು ಆಳ ಎಂದು ನೋಡುವುದು. ಇಂಧನಕ್ಕೆ ಮುಂದೆ ಆಗಬಹುದಾದ್ದನ್ನು ಬಿಲ್ಲೆ ಮೊದಲೇ ಹೇಳಿಬಿಡುತ್ತದೆ.

ಬಿಲ್ಲೆ ಎತ್ತಿದ ದಿನಾಂಕ, ನೀರಿನ ಅಳತೆ, ಕುಳಿಯ ಆಳ. ಇಂಥ ಪುಟಗಳನ್ನು ನಾನು ಮೊದಲೆಲ್ಲ ಬೇಸರದಿಂದ ಮಗುಚುತ್ತಿದ್ದೆ. ಈಗ ಕಡತ ತೆರೆದಾಗ ಅವನ್ನೇ ಹುಡುಕುತ್ತೇನೆ. ನೀರು ಇಂಧನವನ್ನು ಕಾಯುತ್ತಿದ್ದಾಗ ನೀರನ್ನು ಯಾರಾದರೂ ಕಾಯುತ್ತಿದ್ದರೇ ಎಂಬುದು ಗೊತ್ತಾಗುವುದು ಆ ಪುಟಗಳಲ್ಲಿ ಮಾತ್ರ.