ಮಾನಸಿಕ ಕ್ಷೇಮದ ಸ್ವಯಂವರದಿ ಪ್ರಶ್ನಾವಳಿ: ಚರಿತ್ರೆ

ಇತ್ತೀಚಿನ ದಿನಗಳಲ್ಲಿ ತನ್ನ ಮನಸ್ಸು ಹೇಗಿದೆ ಎಂಬುದನ್ನು ವ್ಯಕ್ತಿ ಸಿದ್ಧ ಪ್ರಶ್ನೆಗಳಿಗೆ ತಾನೇ ಗುರುತು ಹಾಕಿ ತಿಳಿಸುವ, ಆ ಉತ್ತರಗಳನ್ನು ಅಂಕಗಳಾಗಿ ಕೂಡಿಸುವ ಸಾಧನ. ಸೇನೆಯ ತಪಾಸಣೆಯಿಂದ ಆಸ್ಪತ್ರೆಗೆ, ಅಲ್ಲಿಂದ ಮೊಬೈಲಿಗೆ ಬಂದ ಒಂದೇ ದಾರಿಯಾಗಿ ಇದರ ಚರಿತ್ರೆಯನ್ನು ಹೇಳುವ ರೂಢಿಯಿದೆ. ಆದರೆ ಕಾಯಿಲೆಯನ್ನು ಪತ್ತೆ ಹಚ್ಚುವ ಪ್ರಶ್ನಾವಳಿಯೂ ಕ್ಷೇಮವನ್ನು ಅಳೆಯುವ ಪ್ರಶ್ನಾವಳಿಯೂ ಹುಟ್ಟಿದ್ದು ಬೇರೆ ಬೇರೆ ಕಡೆ. ಬಹುಕಾಲ ಬೆಳೆದದ್ದೂ ಬೇರೆಯಾಗಿಯೇ.

ಮೊದಲನೆಯದರ ಆರಂಭ ಸುಪರಿಚಿತ. ಒಂದನೇ ಮಹಾಯುದ್ಧದಲ್ಲಿ ಮಾನಸಿಕವಾಗಿ ಕುಸಿಯಬಹುದಾದ ಸೈನಿಕರನ್ನು ಮೊದಲೇ ಗುರುತಿಸಲು ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ವುಡ್‌ವರ್ತ್ ಹೌದು–ಇಲ್ಲ ಉತ್ತರದ 116 ಪ್ರಶ್ನೆಗಳನ್ನು ಜೋಡಿಸಿದರು. ಅದು ಬಳಕೆಗೆ ಬರುವ ಮೊದಲೇ ಯುದ್ಧ ಮುಗಿಯಿತು.

ಈ ಸಾಲಿನಲ್ಲಿ ಹೆಚ್ಚು ಚರ್ಚೆಗೆ ಒಳಗಾದದ್ದು ಬ್ರಿಟನ್ನಿನ ಮನೋವೈದ್ಯ ಡೇವಿಡ್ ಗೋಲ್ಡ್‌ಬರ್ಗ್ 1972ರಲ್ಲಿ ಪ್ರಕಟಿಸಿದ ಸಾಮಾನ್ಯ ಆರೋಗ್ಯ ಪ್ರಶ್ನಾವಳಿ. ಮೂಲದಲ್ಲಿ 60 ಪ್ರಶ್ನೆಗಳಿದ್ದ ಇದಕ್ಕೆ 30, 28 ಮತ್ತು 12 ಪ್ರಶ್ನೆಗಳ ಚಿಕ್ಕ ರೂಪಗಳೂ ಇವೆ. ‘ಎಂದಿನಂತೆಯೇ’, ‘ಎಂದಿಗಿಂತ ಹೆಚ್ಚು’ ಎಂಬ ಬಗೆಯ ನಾಲ್ಕು ಆಯ್ಕೆಗಳಲ್ಲಿ ಮೊದಲ ಎರಡಕ್ಕೆ ಸೊನ್ನೆ, ಉಳಿದೆರಡಕ್ಕೆ ಒಂದು ಅಂಕ. ತೊಡಕು ಇರುವುದು ಈ ‘ಎಂದಿನಂತೆ’ಯಲ್ಲೇ. ವರ್ಷಗಟ್ಟಲೆ ನಿದ್ದೆಗೆಟ್ಟವರಿಗೆ ನಿದ್ದೆಗೇಡೇ ಎಂದಿನ ಸ್ಥಿತಿ. ಅವರು ಪ್ರಾಮಾಣಿಕವಾಗಿ ‘ಎಂದಿನಂತೆಯೇ’ ಎಂದರೆ ಅಂಕ ಸೊನ್ನೆ. ಇದನ್ನು ಸರಿಪಡಿಸಲು 1985ರಲ್ಲಿ ಗುಡ್‌ಚೈಲ್ಡ್ ಮತ್ತು ಡಂಕನ್-ಜೋನ್ಸ್ ಬೇರೊಂದು ಅಂಕಪದ್ಧತಿ ಸೂಚಿಸಿದರು. ನಾಲ್ಕು ಆಯ್ಕೆಗಳಿಗೆ 0ರಿಂದ 3ರವರೆಗೆ ಅಂಕ ಕೊಡುವ ಪದ್ಧತಿಯೂ ಇದೆ. ಹೀಗಾಗಿ ಒಂದೇ ಹೆಸರಿನ 12 ಪ್ರಶ್ನೆಗಳ ಗರಿಷ್ಠ ಅಂಕ ಒಂದು ಅಧ್ಯಯನದಲ್ಲಿ 12, ಇನ್ನೊಂದರಲ್ಲಿ 36. ಯಾವ ಪದ್ಧತಿಯೆಂದು ನೋಡದೆ ಎರಡು ಅಧ್ಯಯನಗಳ ಸರಾಸರಿಗಳನ್ನು ಪಕ್ಕಪಕ್ಕ ಇಟ್ಟರೆ ಹೋಲಿಕೆಗೆ ಅರ್ಥವಿರುವುದಿಲ್ಲ.

ಎರಡನೆಯ ಧಾರೆ ಸಮೀಕ್ಷಕರದು. ಹ್ಯಾಡ್ಲಿ ಕ್ಯಾಂಟ್ರಿಲ್ ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಜನರ ಮುಂದೆ ಏಣಿಯ ಚಿತ್ರ ಇಟ್ಟು, ತಮ್ಮ ಬದುಕು 0ಯಿಂದ 10ರವರೆಗಿನ ಯಾವ ಮೆಟ್ಟಿಲಲ್ಲಿದೆ ಎಂದು ಕೇಳಿಸಿದರು. ಅದರ ಫಲಿತಾಂಶ 1965ರಲ್ಲಿ ಪುಸ್ತಕವಾಯಿತು. ಷಿಕಾಗೋದ ನಾರ್ಮನ್ ಬ್ರ್ಯಾಡ್‌ಬರ್ನ್ 1969ರಲ್ಲಿ ಕೊಟ್ಟ ವರದಿಯನ್ನು ನಿಜವಾದ ತಿರುವು ಎನ್ನಬೇಕು. ಹಿತವಾದ ಭಾವನೆಗಳನ್ನೂ ಕಹಿ ಭಾವನೆಗಳನ್ನೂ ಅವರು ಬೇರೆಬೇರೆಯಾಗಿ ಎಣಿಸಿದಾಗ ಒಂದು ಏರಿದರೆ ಇನ್ನೊಂದು ಇಳಿಯುತ್ತದೆಂಬ ನಿರೀಕ್ಷೆ ಸುಳ್ಳಾಯಿತು: ಎರಡರ ನಡುವೆ ಬಹುಮಟ್ಟಿಗೆ ಸಂಬಂಧವೇ ಕಾಣಲಿಲ್ಲ. ಎರಡೂ ನಿಜಕ್ಕೂ ಸ್ವತಂತ್ರವೇ, ಅಥವಾ ಹೌದು–ಇಲ್ಲ ಎಂದಷ್ಟೇ ಕೇಳಿದ್ದರಿಂದ ಹಾಗೆ ಕಂಡಿತೇ ಎಂಬ ವಾದ ಇನ್ನೂ ತೀರಿಲ್ಲ. ಆದರೂ ಖಿನ್ನತೆ ಇಲ್ಲ ಎಂದಮಾತ್ರಕ್ಕೆ ಕ್ಷೇಮವಿದೆ ಎನ್ನಲಾಗದು ಎಂಬ ಮಾತಿಗೆ ಆಧಾರ ಸಿಕ್ಕಿದ್ದು ಇಲ್ಲಿ.

ಪಾಶ್ಚಾತ್ಯ ಇತಿಹಾಸಗಳು ದಕ್ಷಿಣ ಏಷ್ಯಾದ ಕೆಲಸವನ್ನು ಸಾಮಾನ್ಯವಾಗಿ ಒಂದೆರಡು ವಾಕ್ಯಗಳಲ್ಲಿ ಮುಗಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಸ್ವಯಂವರದಿ ಪ್ರಶ್ನಾವಳಿ ರೂಪುಗೊಂಡದ್ದು ಕೊಲಂಬಿಯಾ, ಸುಡಾನ್, ಫಿಲಿಪ್ಪೀನ್ಸ್ ಮತ್ತು ಭಾರತದ ಪ್ರಾಥಮಿಕ ಚಿಕಿತ್ಸಾಲಯಗಳ ಅಧ್ಯಯನದಲ್ಲಿ; ಭಾರತದ ಕೇಂದ್ರ ಹರಿಯಾಣದ ರಾಯಪುರ ರಾಣಿ. 1980ರಲ್ಲಿ ವರದಿಯಾದ ಈ ಪಟ್ಟಿಯಲ್ಲಿ ದುಃಖ, ಹೆದರಿಕೆಗಳ ಜೊತೆಗೆ ತಲೆನೋವು, ಹಸಿವು, ನಿದ್ದೆ, ಕೈನಡುಕಗಳಿಗೂ ಜಾಗವಿತ್ತು. ಓದುಬರಹ ಬಾರದವರಿಗೆ ಪ್ರಶ್ನೆಗಳನ್ನು ಓದಿ ಹೇಳುವ ವ್ಯವಸ್ಥೆಯೂ ಇತ್ತು. ಎದುರಿಗೆ ಕೇಳುವವರೊಬ್ಬರು ಕುಳಿತ ಮೇಲೂ ಅದನ್ನು ಸ್ವಯಂವರದಿ ಎನ್ನಬಹುದೇ ಎಂಬುದು ನ್ಯಾಯವಾದ ಪ್ರಶ್ನೆ. 1992ರಲ್ಲಿ ಅದೇ ಸಂಸ್ಥೆಯ ದೆಹಲಿ ಪ್ರಾದೇಶಿಕ ಕಚೇರಿ ಎಚ್. ಸೆಲ್ ಮತ್ತು ಆರ್. ನಾಗ್ಪಾಲ್ ರಚಿಸಿದ 40 ಪ್ರಶ್ನೆಗಳ ಕ್ಷೇಮ ಪಟ್ಟಿಯನ್ನು ಪ್ರಕಟಿಸಿತು. ಮನೆಮಂದಿಯ ಆಸರೆ, ಲೌಕಿಕವನ್ನು ಮೀರಿದ ಅನುಭವ ಇವೂ ಅದರಲ್ಲಿ ಕ್ಷೇಮದ ಅಂಶಗಳಾಗಿ ಎಣಿಕೆಗೆ ಬಂದವು.

ಬೆಂಗಳೂರು ಈ ಚರಿತ್ರೆಗೆ ಬರುವುದು ವಿಶ್ವ ಆರೋಗ್ಯ ಸಂಸ್ಥೆ 14 ದೇಶಗಳ 15 ಕೇಂದ್ರಗಳಲ್ಲಿ ನಡೆಸಿದ ಅಧ್ಯಯನದ ಮೂಲಕ. 1995ರಲ್ಲಿ ಪುಸ್ತಕವಾಗಿ ಬಂದ ಇದರಲ್ಲಿ 25,916 ರೋಗಿಗಳು ಗೋಲ್ಡ್‌ಬರ್ಗ್ ಅವರ 12 ಪ್ರಶ್ನೆಗಳಿಗೆ ಉತ್ತರಿಸಿದರು. 12 ಪ್ರಶ್ನೆಗಳ ರೂಪ 28ರ ರೂಪದಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆಂದು 1997ರ ವಿಶ್ಲೇಷಣೆ ತೋರಿಸಿತು. ಆದರೆ ಎಷ್ಟು ಅಂಕ ದಾಟಿದರೆ ‘ತೊಂದರೆ ಇರಬಹುದು’ ಎನ್ನಬೇಕೆಂಬ ಗಡಿ ಊರಿನಿಂದ ಊರಿಗೆ ಬದಲಾಯಿತು. ಮರುವರ್ಷ ಗೋಲ್ಡ್‌ಬರ್ಗ್ ಮತ್ತು ಜೊತೆಗಾರರು ಈ ವ್ಯತ್ಯಾಸಕ್ಕಾಗಿಯೇ ಇನ್ನೊಂದು ಲೇಖನ ಬರೆದು, ಸ್ಥಳೀಯವಾಗಿ ಪರೀಕ್ಷಿಸಲು ಆಗದಿದ್ದಲ್ಲಿ ಆ ಊರಿನ ಸರಾಸರಿ ಅಂಕವನ್ನೇ ಸ್ಥೂಲ ಗಡಿಯಾಗಿ ಹಿಡಿಯಬಹುದೆಂದರು. ಬೇರೆ ದೇಶದ ಗಡಿಯನ್ನು ಹಾಗೆಯೇ ತಂದು ಇಲ್ಲಿಯ ಶೇಕಡಾವಾರು ಲೆಕ್ಕ ಹಾಕುವವರು ಈ ಲೇಖನವನ್ನು ನೋಡುವುದು ಒಳ್ಳೆಯದು.

ಎರಡು ಧಾರೆಗಳು ಕೂಡಿದ್ದು 1998ರ ಐದು ಪ್ರಶ್ನೆಗಳ ವಿಶ್ವ ಆರೋಗ್ಯ ಸಂಸ್ಥೆ ಕ್ಷೇಮ ಸೂಚ್ಯಂಕದಲ್ಲಿ. ಡೆನ್ಮಾರ್ಕಿನ ಪೆರ್ ಬೆಕ್ ಇದರ ಹಿಂದಿದ್ದವರಲ್ಲಿ ಪ್ರಮುಖರು. ಕಳೆದ ಎರಡು ವಾರಗಳ ಲವಲವಿಕೆ, ನೆಮ್ಮದಿ, ಚುರುಕುತನ, ಎದ್ದಾಗಿನ ತಾಜಾತನ, ದಿನಚರಿಯಲ್ಲಿನ ಆಸಕ್ತಿ ಇಷ್ಟನ್ನೇ ಅದು ಕೇಳುತ್ತದೆ. 25ಕ್ಕೆ ಬಂದ ಮೊತ್ತವನ್ನು ನಾಲ್ಕರಿಂದ ಗುಣಿಸಿ ನೂರರ ಅಳತೆಗೆ ತರುತ್ತಾರೆ. ರೋಗದ ಮಾತೇ ಎತ್ತದ ಈ ಪಟ್ಟಿ ಖಿನ್ನತೆಯ ಪ್ರಾಥಮಿಕ ತಪಾಸಣೆಗೂ ಬಳಕೆಯಾಗುತ್ತಿದೆ. ಆಮೇಲೆ ಬಂದವುಗಳಲ್ಲಿ ಖಿನ್ನತೆಯ ಲಕ್ಷಣಗಳನ್ನು ನೇರವಾಗಿ ಕೇಳುವ ಪಿಎಚ್‌ಕ್ಯೂ-9 (2001) ಮತ್ತು ಬ್ರಿಟನ್ನಿನ 14 ವಾಕ್ಯಗಳ ವಾರ್ವಿಕ್–ಎಡಿನ್‌ಬರೊ ಮಾಪನ (2007) ಮುಖ್ಯವಾದವು.

2012ರಲ್ಲಿ ಆರಂಭವಾದ ವಿಶ್ವ ಸಂತೋಷ ವರದಿ ಕ್ಯಾಂಟ್ರಿಲ್ ಏಣಿಯನ್ನು ಮತ್ತೆ ಮುಂದಕ್ಕೆ ತಂದಿತು. ದೇಶಗಳ ಶ್ರೇಯಾಂಕಕ್ಕೆ ಗ್ಯಾಲಪ್ ಸಮೀಕ್ಷೆಯ ಆ ಒಂದು ಪ್ರಶ್ನೆಯೇ ಆಧಾರ. ನಗು, ಚಿಂತೆ, ದುಃಖಗಳ ಪ್ರಶ್ನೆಗಳೂ ಸಮೀಕ್ಷೆಯಲ್ಲಿವೆ, ಶ್ರೇಯಾಂಕಕ್ಕೆ ಮಾತ್ರ ಸೇರುವುದಿಲ್ಲ. ಪತ್ರಿಕೆಗಳು ‘ಸಂತೋಷ’ ಎಂದು ಪ್ರಕಟಿಸುವ ಭಾರತದ ಸ್ಥಾನ, ಜನರು ತಮ್ಮ ಬದುಕಿಗೆ ತಾವೇ ಕೊಟ್ಟ ಮೆಟ್ಟಿಲುಗಳ ಸರಾಸರಿಯಿಂದ ಬಂದದ್ದು.